ಕಾಯಿಲ್ ತನ್ನ ಭಾರಕ್ಕೇ ಕೂರುತ್ತದೆಯೇ? ಫ್ಲ್ಯಾಟ್‌ಬೆಡ್ ಟ್ರೇಲರ್ ಕೊಳ್ಳಲಿರುವ ಓದುಗರಿಗೆ ಉತ್ತರ

ಪ್ರಶ್ನೆ: ನನ್ನ ಬಳಿ ಹತ್ತು ಚಕ್ರದ ಟಿಪ್ಪರ್ ಇದೆ. ಇಲ್ಲಿಯವರೆಗೆ ಅದಿರು, ಜಲ್ಲಿ ಸಾಗಿಸಿದ್ದೇನೆ. ಅದನ್ನು ಮಾರಿ ಆರು ಆಕ್ಸಲ್‌ನ ಟ್ರೇಲರ್ ಸೆಟ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು ತೋರಣಗಲ್ಲಿನಿಂದ ಕಾಯಿಲ್ (ಉಕ್ಕಿನ ತಗಡಿನ ಭಾರಿ ಸುರುಳಿ) ಮತ್ತು ಕಬ್ಬಿಣದ ಸರಳು, ಬಿಡುವಿದ್ದಾಗ ಕುಷ್ಟಗಿ ಕಡೆಯ ಗ್ರಾನೈಟ್ ಬ್ಲಾಕ್ ಸಾಗಿಸಬೇಕೆಂದಿದ್ದೇನೆ. ನೋಡಿರುವ ಟ್ರೇಲರ್ 40 ಅಡಿಯದು, 9 ವರ್ಷ ಹಳೆಯದು. ಚಾಸಿಗೆ ಪಟ್ಟಿ ಹೊಡೆದು ಗಟ್ಟಿ ಮಾಡಿಕೊಡುತ್ತೇವೆ ಎಂದು ವೆಲ್ಡಿಂಗ್ ಅಂಗಡಿಯವರು ಹೇಳುತ್ತಾರೆ. ‘ಕಾಯಿಲ್ ತನ್ನ ಭಾರಕ್ಕೇ ಕೂತಿರುತ್ತದೆ, ಎರಡು ಚೈನ್ ಸಾಕು’ ಎಂಬುದು ಹಳೆಯ ಡ್ರೈವರ್‌ಗಳ ಮಾತು. ಆದರೆ ಪರಿಚಯದವರ ಗಾಡಿಯಲ್ಲಿ ಕಾಯಿಲ್ ಕ್ಯಾಬಿನ್ ಕಡೆಗೆ ಸರಿದದ್ದನ್ನು ಕೇಳಿದ ಮೇಲೆ ಮನೆಯವರು ಈ ಕೆಲಸವೇ ಬೇಡ ಎನ್ನುತ್ತಿದ್ದಾರೆ. ಚೈನ್ ಒಳ್ಳೆಯದೋ ಬೆಲ್ಟ್ ಒಳ್ಳೆಯದೋ, ಏನೇನು ಸಾಮಾನು ಬೇಕು, ಹಳೆಯ ಟ್ರೇಲರ್ ಕೊಳ್ಳಬಹುದೋ ತಿಳಿಸಿ.
— ಕೊಪ್ಪಳ ತಾಲ್ಲೂಕಿನ ಓದುಗರು

ಉತ್ತರ: ನೀವು ಟ್ರೇಲರ್, ಚೈನ್, ಬೆಲ್ಟ್ ಎಂದು ಬೇರೆ ಬೇರೆಯಾಗಿ ಕೇಳಿದ್ದರೂ ನಿಮ್ಮ ಮನೆಯವರ ಭಯವೇ ಈ ಪತ್ರದ ಮುಖ್ಯ ಪ್ರಶ್ನೆ ಎಂದು ನಾನು ತಿಳಿಯುತ್ತೇನೆ, ಮತ್ತು ಆ ಭಯಕ್ಕೆ ಆಧಾರವಿದೆ. ಟಿಪ್ಪರ್‌ನಲ್ಲಿ ಅದಿರು ನಾಲ್ಕು ಗೋಡೆಗಳ ಒಳಗಿರುತ್ತದೆ. ಫ್ಲ್ಯಾಟ್‌ಬೆಡ್‌ನಲ್ಲಿ ಗೋಡೆಯೇ ಇಲ್ಲದ ಹಲಗೆಯ ಮೇಲೆ ಇಪ್ಪತ್ತು ಮೂವತ್ತು ಟನ್ನಿನ ಒಂದೇ ಒಂದು ವಸ್ತು ಕುಳಿತಿರುತ್ತದೆ, ಅದರ ಮುಂದೆ ನಿಮ್ಮ ಡ್ರೈವರ್ ಕುಳಿತಿರುತ್ತಾರೆ. ಆದ್ದರಿಂದ ಗಾಡಿಯ ಎಂಜಿನ್ ಎಷ್ಟು ಅಶ್ವಶಕ್ತಿಯದು ಎಂಬುದಕ್ಕಿಂತ, ಆ ವಸ್ತು ಹಲಗೆಯ ಮೇಲೆ ಕದಲದಂತೆ ಯಾವುದು ತಡೆಯುತ್ತದೆ ಎಂಬ ಪ್ರಶ್ನೆಯಿಂದಲೇ ಆರಂಭಿಸಬೇಕು.

ಮೊದಲು ‘ಭಾರಕ್ಕೇ ಕೂತಿರುತ್ತದೆ’ ಎಂಬ ನಂಬಿಕೆಯನ್ನು ನೋಡೋಣ. ಹೇಳುವವರು ಅನುಭವಸ್ಥರು, ಸುಳ್ಳು ಹೇಳುವ ಉದ್ದೇಶ ಅವರಿಗಿಲ್ಲ. ಸಾಮಾನ್ಯ ಓಟದಲ್ಲಿ ಕಾಯಿಲ್ ನಿಜವಾಗಿಯೂ ಕದಲುವುದಿಲ್ಲ. ಆದರೆ ಭಾರ ಹೆಚ್ಚಾದಷ್ಟೂ ಹಲಗೆಯೊಂದಿಗಿನ ಘರ್ಷಣೆ ಹೆಚ್ಚುವಂತೆಯೇ, ಬ್ರೇಕ್ ಹಾಕಿದಾಗ ಅದು ಮುಂದಕ್ಕೆ ನುಗ್ಗುವ ಬಲವೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಹೀಗಾಗಿ 5 ಟನ್ನಿನ ವಸ್ತು ಯಾವ ಬ್ರೇಕಿಗೆ ಜಾರುತ್ತದೆಯೋ 25 ಟನ್ನಿನದೂ ಅದೇ ಬ್ರೇಕಿಗೆ ಜಾರುತ್ತದೆ. ವ್ಯತ್ಯಾಸವಿರುವುದು ಜಾರಿದ ಮೇಲೆ ಮಾತ್ರ: 5 ಟನ್ನನ್ನು ಮುಂಭಾಗದ ತಡೆಗೋಡೆ ನಿಲ್ಲಿಸಬಹುದು, 25 ಟನ್ನನ್ನು ನಿಲ್ಲಿಸಲಾರದು.

ಲೆಕ್ಕ ಹೀಗಿದೆ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಸರಕು ಮುಂದಕ್ಕೆ ಅದರ ತೂಕದ 0.8 ಪಾಲು ಬಲದಿಂದ, ತಿರುವಿನಲ್ಲಿ ಪಕ್ಕಕ್ಕೆ 0.5 ಪಾಲು ಬಲದಿಂದ ನುಗ್ಗುತ್ತದೆ ಎಂದು ಇಟ್ಟುಕೊಂಡು ಬಿಗಿಯುವುದು ಯೂರೋಪು, ಅಮೆರಿಕಗಳಲ್ಲಿ ನೆಲೆಗೊಂಡಿರುವ ಪದ್ಧತಿ. ನಮ್ಮ ರಸ್ತೆಯಲ್ಲಿ ಎಮ್ಮೆಯೋ ಬೈಕೋ ಅಡ್ಡ ಬಂದಾಗ ಹಾಕುವ ಬ್ರೇಕಿಗೂ ಇದೇ ಸರಿಯಾದ ಅಳತೆ. ಕಬ್ಬಿಣದ ಹಲಗೆಯ ಮೇಲೆ ಕಬ್ಬಿಣವಿದ್ದರೆ ಘರ್ಷಣೆ ತೂಕದ ಸುಮಾರು 0.2 ಪಾಲು, ನಡುವೆ ಮರವಿದ್ದರೆ ಸುಮಾರು 0.3, ಸರಕು ಜಾರದಂತೆ ಹಾಸಲೆಂದೇ ತಯಾರಿಸಿದ ರಬ್ಬರ್ ಮ್ಯಾಟ್ ಇದ್ದರೆ 0.6ರವರೆಗೆ ಸಿಗುತ್ತದೆ. 20 ಟನ್ ಸರಕಿಗೆ ಬೇಕಾದ ತಡೆ 16 ಟನ್. ಮರದ ಮೇಲೆ ಘರ್ಷಣೆಯಿಂದ ಬರುವುದು 6 ಟನ್. ಉಳಿದ 10 ಟನ್ನನ್ನು ಬೇರೆ ಯಾವುದಾದರೂ ತಡೆಯಲೇಬೇಕು.

ಇಲ್ಲಿ ಬೆಲ್ಟಿನ ಪ್ರಶ್ನೆ ಬರುತ್ತದೆ. 50 ಮಿಲಿಮೀಟರ್ ಅಗಲದ ರಾಚೆಟ್ ಬೆಲ್ಟಿನ (ಹಲ್ಲುಚಕ್ರದ ಹಿಡಿಯಿಂದ ಬಿಗಿಯುವ ಪಟ್ಟಿಯ) ಮೇಲೆ 5 ಟನ್ ಎಂದು ಬರೆದಿರುವುದನ್ನು ನೋಡಿ, ನಾಲ್ಕು ಬೆಲ್ಟ್ ಹಾಕಿದರೆ 20 ಟನ್ ಆಯಿತು ಎಂದು ಎಣಿಸುವುದು ಎಲ್ಲೆಡೆ ಕಾಣುವ ತಪ್ಪು. ಆ 5 ಟನ್ ಬೆಲ್ಟನ್ನು ಸುತ್ತುಹಾಕಿ ಎಳೆದಾಗ ಅದು ತಾಳುವ ಮಿತಿ; ನೇರ ಎಳೆತದಲ್ಲಿ ಅದು 2.5 ಟನ್. ಸರಕಿನ ಮೇಲಿಂದ ಹಾಯಿಸಿ ಕಟ್ಟಿದಾಗ ಕೆಲಸ ಮಾಡುವುದು ಈ ಎರಡೂ ಅಂಕಿಗಳಲ್ಲ, ಸಾಧಾರಣ ರಾಚೆಟ್ ಅನ್ನು ಕೈಯಿಂದ ಬಿಗಿದಾಗ ಬೆಲ್ಟಿನಲ್ಲಿ ಹುಟ್ಟುವ 300ರಿಂದ 500 ಕಿಲೊ ಎಳೆತ ಮಾತ್ರ. 400 ಕಿಲೊ ಎಂದು ಹಿಡಿದರೆ ಎರಡೂ ಬದಿ ಸೇರಿ 800 ಕಿಲೊ ಒತ್ತಡ, ಮರದ ಮೇಲೆ ಅದರಿಂದ ಸಿಗುವ ಹೆಚ್ಚುವರಿ ತಡೆ 240 ಕಿಲೊ. ಮೇಲೆ ಹೇಳಿದ 10 ಟನ್ ತುಂಬಲು ಇಂಥ ನಲವತ್ತಕ್ಕೂ ಹೆಚ್ಚು ಬೆಲ್ಟ್ ಬೇಕು, ಅದು ಆಗದ ಮಾತು. ಅದೇ ಸರಕಿನ ಕೆಳಗೆ ರಬ್ಬರ್ ಮ್ಯಾಟ್ ಹಾಸಿದರೆ ಘರ್ಷಣೆಯೇ 12 ಟನ್ ತಡೆಯುತ್ತದೆ, ಒಂದೊಂದು ಬೆಲ್ಟಿನ ಫಲ 480 ಕಿಲೊಗೆ ಏರುತ್ತದೆ, ಒಂಬತ್ತು ಬೆಲ್ಟಿನಲ್ಲಿ ಲೆಕ್ಕ ಮುಗಿಯುತ್ತದೆ. ಸಜ್ಜಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ಕಡಿಮೆ ಖರ್ಚಿನದೂ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದೂ ಈ ರಬ್ಬರ್ ಮ್ಯಾಟ್. ಹಾಗಿದ್ದೂ ನಮ್ಮ ಭಾಗದ ಟ್ರೇಲರ್‌ಗಳಲ್ಲಿ ನಾನು ಅತಿ ವಿರಳವಾಗಿ ಕಾಣುವ ವಸ್ತುವೂ ಅದೇ ಎಂಬುದು ನನ್ನನ್ನು ಬಹಳ ಕಾಡುತ್ತದೆ.

ಬಳ್ಳಾರಿ, ಸಂಡೂರು ಭಾಗಕ್ಕೆ ಇನ್ನೊಂದು ವಿಶೇಷ ತೊಂದರೆಯಿದೆ, ಅದು ಕೆಂಪು ದೂಳು. ಹಲಗೆಯ ಮೇಲೆ ಅದಿರಿನ ದೂಳು, ಸಣ್ಣ ಹರಳು ಕೂತಿದ್ದರೆ ಮೇಲಿನ ಸರಕು ಜೋಳದ ಕಾಳಿನ ಮೇಲೆ ಹೆಜ್ಜೆಯಿಟ್ಟಂತೆ ಜಾರುತ್ತದೆ. ಆಗ ನಾನು ಮೇಲೆ ಕೊಟ್ಟ 0.3, 0.6 ಎಂಬ ಅಂಕಿಗಳಿಗೆ ಅರ್ಥವಿಲ್ಲ. ತಪಾಸಣೆಗೆಂದು ಹೋದಾಗ ತೋರಣಗಲ್ಲಿನ ಹೊರಗೆ ನಿಂತಿದ್ದ ಟ್ರೇಲರ್ ಒಂದರ ಹಲಗೆಯ ಮೇಲೆ, ಕಾಯಿಲ್‌ನ ಅಡಿ ಇಟ್ಟಿದ್ದ ಮರದ ಬೆಣೆಯ ಹಿಂದೆ, ನಾಲ್ಕು ಬೆರಳು ಉದ್ದದ ಹೊಸ ಗೀರು ಬೆಳ್ಳಗೆ ಹೊಳೆಯುತ್ತಿದ್ದುದನ್ನು ಕಂಡೆ. ಎರಡು ಚೈನ್‌ಗಳಲ್ಲಿ ಒಂದು ಕೈಯಿಂದ ಎತ್ತಿದರೆ ಏಳುವಷ್ಟು ಸಡಿಲವಾಗಿತ್ತು, ಬೆಣೆಯ ಅಡಿಯಲ್ಲಿ ಕೆಂಪು ಪುಡಿ ಒತ್ತಿ ಹೆಪ್ಪುಗಟ್ಟಿತ್ತು, ಮತ್ತು ಕಾಯಿಲ್ ಸರಿದದ್ದು ಡ್ರೈವರ್ ಗಮನಕ್ಕೇ ಬಂದಿರಲಿಲ್ಲ. ಆದ್ದರಿಂದ ಒಂದು ಗಟ್ಟಿ ಕಸಬರಿಗೆ ಮತ್ತು ಎಣ್ಣೆ ಒರೆಸುವ ಬಟ್ಟೆಯನ್ನು ನಾನು ಚೈನಿನಷ್ಟೇ ಅಗತ್ಯದ ಸಾಮಾನು ಎಂದು ಎಣಿಸುತ್ತೇನೆ.

ಇನ್ನು ಕಾಯಿಲ್ ವಿಷಯ. ಕಾಯಿಲ್‌ನ ನಡುವಿನ ಕಣ್ಣು ಯಾವ ದಿಕ್ಕಿಗಿದೆ ಎಂಬುದರ ಮೇಲೆ ಅಪಾಯದ ರೂಪ ಬದಲಾಗುತ್ತದೆ. ಕಣ್ಣು ಗಾಡಿಯ ಎಡಬಲಕ್ಕೆ ಮುಖ ಮಾಡಿದ್ದರೆ ಕಾಯಿಲ್ ಕ್ಯಾಬಿನ್ ಕಡೆಗೆ ಉರುಳಲು ನೋಡುತ್ತದೆ. ಕಣ್ಣು ಹಿಂದುಮುಂದಾಗಿದ್ದರೆ ಮುಂದಕ್ಕೆ ಜಾರಲು, ತಿರುವಿನಲ್ಲಿ ಪಕ್ಕಕ್ಕೆ ಉರುಳಲು ನೋಡುತ್ತದೆ. ಹೇಗಿದ್ದರೂ ಸಮತಟ್ಟಾದ ಹಲಗೆಯ ಮೇಲೆ ಬಿಡಿ ಬೆಣೆ ಇಟ್ಟು ಕಾಯಿಲ್ ಸಾಗಿಸುವುದನ್ನು ನಾನು ಒಪ್ಪುವುದಿಲ್ಲ. ಒಂದು ಹಂಪಿನ ಕುಲುಕಿಗೆ ಬೆಣೆ ಹೊರಚಿಮ್ಮಿದರೆ ಆಮೇಲೆ ತಡೆಯುವುದು ಏನೂ ಇರುವುದಿಲ್ಲ. ಎರಡು ಕಡೆಯಿಂದ ಸುಮಾರು 35 ಡಿಗ್ರಿ ಇಳಿಜಾರಿರುವ, ಚಾಸಿಗೆ ಭದ್ರವಾಗಿ ಸೇರಿಸಿದ ಕುಳಿ ಅಥವಾ ತೊಟ್ಟಿಲು ಬೇಕು; ಕಾಯಿಲ್ ಆ ಎರಡು ಇಳಿಜಾರುಗಳ ಮೇಲೆ ಮಾತ್ರ ಕೂತು, ಅದರ ತಳಕ್ಕೂ ಕುಳಿಯ ತಳಕ್ಕೂ ನಡುವೆ ಕನಿಷ್ಠ 20 ಮಿಲಿಮೀಟರ್ ಸಂದು ಉಳಿಯಬೇಕು. ತಳ ತಾಗಿದರೆ ಇಳಿಜಾರು ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ.

ಸರಿಯಾಗಿ ಕೂತ 35 ಡಿಗ್ರಿ ಕುಳಿ, ಉರುಳುವ ದಿಕ್ಕಿನಲ್ಲಿ ತೂಕದ 0.7 ಪಾಲು ಬಲವನ್ನು ತಾನೇ ತಡೆಯುತ್ತದೆ. ಕಣ್ಣು ಎಡಬಲಕ್ಕಿರುವ ಜೋಡಣೆಯಲ್ಲಿ ಮುಂದಕ್ಕೆ ಬೇಕಾದ 0.8ರಲ್ಲಿ ದೊಡ್ಡ ಪಾಲು ಅಲ್ಲಿಯೇ ಸಿಕ್ಕಿತು. 25 ಟನ್ನಿನ ಕಾಯಿಲ್‌ಗೆ ಉಳಿಯುವುದು 2.5 ಟನ್, ಅದನ್ನು ಕಣ್ಣಿನೊಳಗೆ ಹಾಯಿಸಿ ಹಿಂದಕ್ಕೆ ಎಳೆದು ಕಟ್ಟಿದ ಎರಡು ಒಳ್ಳೆಯ ಚೈನ್ ನೋಡಿಕೊಳ್ಳುತ್ತವೆ, ಮುಂದಕ್ಕೆ ಎಳೆದ ಇನ್ನೆರಡು ಅದು ಹಿಂದಕ್ಕೆ ಮೇಲೇಳದಂತೆ ಹಿಡಿಯುತ್ತವೆ. ಪಕ್ಕಕ್ಕೆ ಜಾರದಿರಲು ಕುಳಿಯ ಎರಡೂ ಇಳಿಜಾರಿಗೆ ರಬ್ಬರ್ ಹಾಸಬೇಕು. ಕಣ್ಣು ಹಿಂದುಮುಂದಾಗಿರುವ ಉದ್ದಗುಳಿಯಲ್ಲಿ ಪಕ್ಕದ ಉರುಳಾಟ ನಿಲ್ಲುತ್ತದೆ, ಆದರೆ ಮುಂದಕ್ಕೆ ಜಾರದಂತೆ ಕಾಯಿಲ್‌ಗೆ ತಾಗಿಯೇ ನಿಲ್ಲುವ, ಚಾಸಿಯ ಗೂಡಿಗೆ ಇಳಿಸುವ ಉಕ್ಕಿನ ಗೂಟಗಳು ಬೇಕೇ ಬೇಕು. ಗೂಟಕ್ಕೂ ಕಾಯಿಲ್‌ಗೂ ನಡುವೆ ಅಂತರವಿದ್ದರೆ ಕಾಯಿಲ್ ವೇಗ ಪಡೆದು ಗುದ್ದುತ್ತದೆ. ಆ ಅಂತರವನ್ನು ಗಟ್ಟಿ ಮರದಿಂದ ತುಂಬಿಸಿ.

ಚೈನ್ ಕೊಳ್ಳುವಾಗ ಕೊಂಡಿಯ ಮೇಲೆ 8 ಅಥವಾ 80 ಎಂಬ ಗ್ರೇಡ್ ಗುರುತು ಕೆತ್ತಿದೆಯೇ ನೋಡಿ. ಸರಕು ಬಿಗಿಯಲು ಬಳಸುವಾಗ ಈ ಗ್ರೇಡಿನ 8 ಮಿಲಿಮೀಟರ್ ಚೈನ್ 4 ಟನ್, 10 ಮಿಲಿಮೀಟರ್ ಚೈನ್ 6.3 ಟನ್ ತಾಳುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಿಲೊ ಲೆಕ್ಕದಲ್ಲಿ ಸಿಗುವ ಗುರುತಿಲ್ಲದ ಚೈನ್ ದಪ್ಪವಾಗಿ ಕಂಡರೂ ಎಷ್ಟು ತಾಳುತ್ತದೆ ಎಂದು ಯಾರೂ ಹೇಳಲಾರರು. ಚೈನನ್ನು ಬಿಗಿಯಲು ಲಿವರ್ ಬದಲು ರಾಚೆಟ್ ಬೈಂಡರ್ ತೆಗೆದುಕೊಳ್ಳಿ. ಲಿವರ್‌ಗೆ ಪೈಪ್ ಸಿಕ್ಕಿಸಿ ಎಳೆಯುವಾಗ ಅದು ತಿರುಗಿ ಹೊಡೆದು ದವಡೆ, ಮುಂಗೈ ಮುರಿಯುವಷ್ಟು ಬಲವಾಗಿರುತ್ತದೆ. ಚೈನ್ ಎಷ್ಟೇ ಒಳ್ಳೆಯದಾದರೂ ಅದನ್ನು ಸಿಕ್ಕಿಸುವ ಕೊಕ್ಕೆ, ಪಕ್ಕದ ತೆಳು ಚಾನೆಲ್‌ಗೆ ಬೆಸೆದ ಸರಳಿನ ತುಂಡಾಗಿದ್ದರೆ ಬಿಗಿತದ ಶಕ್ತಿ ಆ ಬೆಸುಗೆಯಷ್ಟೇ. ಟನ್ ಗುರುತಿರುವ ರಿಂಗ್‌ಗಳನ್ನು ಚಾಸಿಯ ಅಡ್ಡ ತೊಲೆಗೆ ಜೋಡಿಸಿರಬೇಕು.

ಹೀಗಾಗಿ ಚೈನೋ ಬೆಲ್ಟೋ ಎಂದು ಒಂದನ್ನು ಆರಿಸುವ ಅಗತ್ಯವಿಲ್ಲ. ಕಾಯಿಲ್, ಗ್ರಾನೈಟ್, ದಪ್ಪ ಪ್ಲೇಟ್‌ಗಳಿಗೆ ಚೈನ್. ಪೈಪ್, ಪ್ಯಾಕ್ ಮಾಡಿದ ಶೀಟ್, ಬಣ್ಣ ಹಚ್ಚಿದ ಸಾಮಾನಿಗೆ ಬೆಲ್ಟ್. ಬೆಲ್ಟ್ ಹಾಯುವ ಪ್ರತಿ ಮೂಲೆಗೂ ರಕ್ಷಕ ಇಡಬೇಕು, ಏಕೆಂದರೆ ಕತ್ತರಿಸಿದ ಪ್ಲೇಟಿನ ಅಂಚು ಬಿಗಿದ ಬೆಲ್ಟನ್ನು ಒಂದೇ ಕುಲುಕಿಗೆ ಕೊಯ್ಯಬಲ್ಲದು. ಅಂಚಿನಲ್ಲಿ ಕೊಯ್ದ ಅಥವಾ ಗಂಟು ಹಾಕಿದ ಬೆಲ್ಟನ್ನು ಮತ್ತೆ ಬಳಸಬಾರದು.

12 ಮೀಟರ್ ಉದ್ದದ ಸರಳಿನ ಕಟ್ಟುಗಳ ಅಪಾಯ ಬೇರೆಯದು: ಹೊರಗಿನ ಸರಳುಗಳನ್ನು ಚೈನ್ ಹಿಡಿದಿದ್ದರೂ ಒಳಗಿನವು ಒಂದೊಂದಾಗಿ ಜಾರಿ ಕ್ಯಾಬಿನ್‌ಗೆ ನುಗ್ಗುತ್ತವೆ. ಅದಕ್ಕೆ ಕಟ್ಟಿನ ಸುತ್ತ ಒಂದು ಪೂರ್ಣ ಸುತ್ತು ಹಾಕಿ ಹಿಂಡುವಂತೆ ಬಿಗಿಯಬೇಕು, ಸರಳುಗಳ ಮುಖ ಗಟ್ಟಿಯಾದ ತಡೆಗೋಡೆಗೆ ತಾಗಿರಬೇಕು, ಎರಡೂ ಬದಿಗೆ ಗೂಟ ನಿಂತಿರಬೇಕು. ಹಿಂದಕ್ಕೆ ಚಾಚಿಕೊಂಡ ಸರಳಿಗೆ ಕೆಂಪು ಬಟ್ಟೆ ಕಟ್ಟಿದರೆ ಸಾಕೆಂಬುದು ಹಳೆಯ ಮಾತು. ಈಗ ಸರಕು ಗಾಡಿಯ ಮಿತಿ ಮೀರಿ ಹಿಂದೆ, ಮುಂದೆ, ಪಕ್ಕ ಅಥವಾ ಮೇಲೆ ಚಾಚಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ 20,000 ರೂಪಾಯಿ ದಂಡವಿದೆ.

ಗ್ರಾನೈಟ್ ಬ್ಲಾಕಿನಲ್ಲಿ ತೂಕದ ಅಂದಾಜೇ ಮೊದಲ ಅಪಾಯ. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2.7 ಟನ್ ತೂಗುತ್ತದೆ, ಅಂದರೆ 3 ಮೀಟರ್ ಉದ್ದ, 1.8 ಅಗಲ, 1.5 ಎತ್ತರದ ಒಂದು ಬ್ಲಾಕ್ ಹತ್ತಿರ ಹತ್ತಿರ 22 ಟನ್. ಕ್ವಾರಿಯಲ್ಲಿ ಟೇಪ್ ಹಿಡಿದು ಈ ಗುಣಾಕಾರ ಮಾಡದೆ ಎರಡನೆಯ ಬ್ಲಾಕ್ ಏರಿಸಲು ಬಿಡಬೇಡಿ. ಒದ್ದೆ ಮಣ್ಣು ಮೆತ್ತಿದ ತಳವನ್ನು ಕೆರೆದು ತೆಗೆಯಿರಿ, ಅಡಿಗೆ ಚದರ ಮರದ ತೊಲೆ ಮತ್ತು ರಬ್ಬರ್ ಎರಡನ್ನೂ ಇಡಿ.

ಟನ್ನಿನ ಮಾತು ಬಂದುದರಿಂದ ಆಕ್ಸಲ್ ಲೆಕ್ಕವನ್ನೂ ಹೇಳಬೇಕು, ಏಕೆಂದರೆ ಟಿಪ್ಪರ್‌ನಿಂದ ಬರುವವರು ಇಲ್ಲಿ ಹೆಚ್ಚು ಎಡವುತ್ತಾರೆ. 2018ರ ಜುಲೈನಲ್ಲಿ ಪರಿಷ್ಕರಿಸಿದ ಮಿತಿಯಂತೆ ಮುಂದಿನ ಆಕ್ಸಲ್‌ಗೆ 7 ಟನ್, ಜೋಡಿ ಆಕ್ಸಲ್‌ಗೆ 21, ಮೂರು ಆಕ್ಸಲ್‌ಗಳ ಗುಂಪಿಗೆ 27. ಹೀಗೆ ಮೂರು ಆಕ್ಸಲ್‌ನ ಪ್ರೈಮ್ ಮೂವರ್ (ಟ್ರೇಲರ್ ಎಳೆಯುವ ಮುಂದಿನ ಗಾಡಿ) ಮತ್ತು ಮೂರು ಆಕ್ಸಲ್‌ನ ಟ್ರೇಲರ್ ಸೇರಿ 55 ಟನ್. ಇದರಲ್ಲಿ ಗಾಡಿಗಳ ಸ್ವಂತ ತೂಕವೂ ಸೇರಿದೆ, ಮತ್ತು ನಿಮಗೆ ಅನ್ವಯಿಸುವುದು ನಿಮ್ಮ ಆರ್‌ಸಿಯಲ್ಲಿ ಬರೆದಿರುವ ಅಂಕಿ. 9 ವರ್ಷದ ಹಿಂದೆ ನೋಂದಣಿಯಾದ ಗಾಡಿಯಲ್ಲಿ ಹಳೆಯ ಕಡಿಮೆ ಮಿತಿಯೇ ಇರಬಹುದು, ಕೊಳ್ಳುವ ಮುನ್ನ ನೋಡಿ. ಮೀರಿದರೆ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000, ಮೇಲೆ ಸರಕು ಇಳಿಸುವ ಖರ್ಚು.

ಆದರೆ ಒಟ್ಟು ತೂಕ ಮಿತಿಯೊಳಗಿದ್ದೂ ಗಾಡಿ ತಪ್ಪಾಗಿ ಲೋಡ್ ಆಗಿರಬಹುದು. ಟ್ರೇಲರನ್ನು ಪ್ರೈಮ್ ಮೂವರ್‌ಗೆ ಸಿಕ್ಕಿಸುವ ಕಿಂಗ್ ಪಿನ್‌ನಿಂದ ಟ್ರೇಲರ್‌ನ ನಡು ಆಕ್ಸಲ್‌ಗೆ 8 ಮೀಟರ್ ಇದೆ ಎನ್ನಿ. 28 ಟನ್ನಿನ ಕಾಯಿಲ್ ಅನ್ನು ಪಿನ್‌ನಿಂದ 5 ಮೀಟರ್ ಹಿಂದೆ ಇಟ್ಟರೆ ಟ್ರೇಲರ್ ಚಕ್ರಗಳ ಮೇಲೆ 17.5 ಟನ್, ಪಿನ್ ಮೇಲೆ 10.5 ಟನ್ ಬೀಳುತ್ತದೆ, ಇದು ಒಳ್ಳೆಯ ಹಂಚಿಕೆ. ಅದನ್ನೇ ಟ್ರೇಲರ್ ಆಕ್ಸಲ್‌ಗಳ ನೇರ ಮೇಲೆ ಇಟ್ಟರೆ 28 ಟನ್ನೂ ಅಲ್ಲಿಯೇ ಬಿದ್ದು, ಟ್ರೇಲರ್‌ನ ಸ್ವಂತ ತೂಕವೂ ಕೂಡಿ 27ರ ಮಿತಿ ಮುರಿಯುತ್ತದೆ. ಪ್ರೈಮ್ ಮೂವರ್‌ನ ಎಳೆಯುವ ಚಕ್ರಗಳಿಗೆ ಭಾರವಿಲ್ಲದೆ ಮಳೆಯಲ್ಲಿ ಅವು ಜಾರಿ ಇಡೀ ಸೆಟ್ ಮಡಚಿಕೊಳ್ಳಬಹುದು. ಆದ್ದರಿಂದ ಕುಳಿಯನ್ನು ಎಲ್ಲಿ ಕೂರಿಸಬೇಕೆಂಬುದನ್ನು ವೆಲ್ಡಿಂಗ್‌ಗೆ ಮುನ್ನ ಲೆಕ್ಕ ಹಾಕಿಸಿ. ಲೋಡ್ ಆದ ಮೇಲೆ ವೇಬ್ರಿಡ್ಜ್‌ನಲ್ಲಿ ಮೊದಲು ಪ್ರೈಮ್ ಮೂವರ್‌ನ ಚಕ್ರಗಳನ್ನು ಮಾತ್ರ ಏರಿಸಿ ತೂಗಿ, ಬಳಿಕ ಪೂರ್ತಿ ಗಾಡಿ ತೂಗಿ. ಎರಡರ ವ್ಯತ್ಯಾಸವೇ ಟ್ರೇಲರ್ ಆಕ್ಸಲ್‌ಗಳ ಭಾರ.

ಈಗ ಆ ಹಳೆಯ ಟ್ರೇಲರ್. ವರ್ಷ ಹಳೆಯದಾದ ಮಾತ್ರಕ್ಕೆ ಅದನ್ನು ಬಿಡಬೇಕಿಲ್ಲ, ಆದರೆ ‘ಪಟ್ಟಿ ಹೊಡೆದು ಗಟ್ಟಿ ಮಾಡುವ’ ಮಾತಿಗೆ ಒಪ್ಪಬೇಡಿ. ಚಾಸಿಯ ಮುಖ್ಯ ತೊಲೆಯ ಕೆಳ ಅಂಚು ಅತಿ ಹೆಚ್ಚು ಎಳೆತ ಹೊರುವ ಭಾಗ. ಅಲ್ಲಿ ಅಡ್ಡ ಬೆಸುಗೆ ಹಾಕಿದರೆ ಅಥವಾ ತೂತು ಕೊರೆದರೆ ಬಿರುಕು ಹುಟ್ಟುವುದು ಅಲ್ಲಿಂದಲೇ. ಮೇಲಾಗಿ ತಯಾರಕರ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ, ಅಪಘಾತವಾದಾಗ ವಿಮೆಯವರು ಮೊದಲು ಎತ್ತುವ ಪ್ರಶ್ನೆಯೂ ಅದೇ. ಬಣ್ಣ ಹೊಸದಾಗಿದ್ದರೆ ತೊಲೆಯ ಕೊರಳಿನ ತಿರುವು, ಪಾಟಾ (ಪಟ್ಟಿ ಸ್ಪ್ರಿಂಗ್) ಕೂರುವ ಬ್ರಾಕೆಟ್ ಇವುಗಳ ಬಳಿ ಕೆರೆದು ನೋಡಿ. ಕಿಂಗ್ ಪಿನ್‌ಗೆ ವರ್ನಿಯರ್ ಹಿಡಿಯಿರಿ: ಎರಡು ಇಂಚಿನ ಪಿನ್ ಹೊಸತರಲ್ಲಿ 50.8 ಮಿಲಿಮೀಟರ್ ಇರುತ್ತದೆ, 49ಕ್ಕೆ ಸವೆದಿದ್ದರೆ ಬದಲಿಸಲೇಬೇಕು. ಟ್ರೇಲರ್‌ನ ಆರ್‌ಸಿ, ಎಫ್‌ಸಿ (ಗಾಡಿಯ ಕ್ಷಮತಾ ಪತ್ರ), ವಿಮೆ ಪ್ರೈಮ್ ಮೂವರ್‌ಗಿಂತ ಪ್ರತ್ಯೇಕ; 8 ವರ್ಷ ದಾಟಿದ ಗಾಡಿಗೆ ಎಫ್‌ಸಿ ಪ್ರತಿ ವರ್ಷ. ಸಣ್ಣ ವಾಹನ ಅಡಿಗೆ ನುಗ್ಗದಂತೆ ಹಿಂಭಾಗ ಮತ್ತು ಪಕ್ಕಕ್ಕೆ ಹಾಕುವ ಅಡಿತಡೆ, ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ ಪ್ರತಿಫಲನ ಪಟ್ಟಿಗಳು, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಟ್ಟಿಹೋಗದಂತೆ ತಡೆಯುವ ವ್ಯವಸ್ಥೆ) ಕೇಬಲ್ ಇವು ಪೂರ್ಣವಾಗಿರಬೇಕು.

ನಿಮ್ಮ ಮುಂದಿರುವ ದಾರಿಗಳಲ್ಲಿ ನನ್ನ ಒಲವು ಇದು. ತಪಾಸಣೆಯಲ್ಲಿ ಆ ಟ್ರೇಲರ್ ತೇರ್ಗಡೆಯಾದರೂ ಮೊದಲು ಅದನ್ನು ಸರಳು, ಪ್ಲೇಟ್‌ಗಳಿಗೆ ಬಳಸಿ; ಕಾಯಿಲ್ ಕೆಲಸವನ್ನು ಕುಳಿ, ಗೂಟದ ಗೂಡು ಎಲ್ಲವೂ ತಯಾರಕರಿಂದಲೇ ಬಂದಿರುವ ಟ್ರೇಲರ್ ಸಿಗುವವರೆಗೆ ಮುಂದೂಡಿ. ಹಣದ ಒತ್ತಡವಿದ್ದರೆ ಒಳ್ಳೆಯ ಪ್ರೈಮ್ ಮೂವರ್ ಮಾತ್ರ ಕೊಂಡು, ಕುಳಿಯಿರುವ ಟ್ರೇಲರ್ ಹೊಂದಿದ ಸಾಗಣೆದಾರರ ಜೊತೆ ಒಪ್ಪಂದಕ್ಕೆ ಓಡಿಸಬಹುದು. ಲಾಭ ಕಡಿಮೆ, ಆದರೆ ಕೆಲಸ ಕಲಿಯಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಎಂಜಿನ್ ಬಗ್ಗೆ ಹೆಚ್ಚು ಯೋಚಿಸಬೇಡಿ: 55 ಟನ್ನಿನ ಸೆಟ್‌ಗೆ 300 ಅಶ್ವಶಕ್ತಿಯ ಆಸುಪಾಸು ಈ ಬಯಲುಸೀಮೆಗೆ ಸಾಕು. ಆದರೆ ಅಂಕೋಲಾ ಕಡೆ ಅರಬೈಲು ಘಟ್ಟ ಇಳಿಯುವುದಿದ್ದರೆ ಎಂಜಿನ್ನಿನ ಹೊಗೆ ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಸರಿಯಾಗಿರಲೇಬೇಕು, ನ್ಯೂಟ್ರಲ್‌ನಲ್ಲಿ ಇಳಿಸುವುದು ಎಂದಿಗೂ ಕೂಡದು.

ಓಟಕ್ಕೆ ಬಂದ ಮೇಲೆ ಎರಡು ಅಭ್ಯಾಸಗಳನ್ನು ಮೊದಲ ದಿನದಿಂದಲೇ ಹಾಕಿಕೊಳ್ಳಿ. ತೋರಣಗಲ್ಲಿನಿಂದ ಹೊರಟ ಲೋಡಿನ ಚೈನ್‌ಗಳನ್ನು ಹೊಸಪೇಟೆ ದಾಟುವ ಮುನ್ನ ಒಮ್ಮೆ ನಿಲ್ಲಿಸಿ ಬಿಗಿಯಿರಿ, ಏಕೆಂದರೆ ಸರಕು ಮರದ ಮೇಲೆ ಒತ್ತಿ ಕೂತು ಚೈನ್ ಸಡಿಲಾಗುವುದು ಆರಂಭದ ಕಿಲೊಮೀಟರ್‌ಗಳಲ್ಲಿಯೇ. ಸಿರುಗುಪ್ಪ, ಸಿಂಧನೂರು, ಗಂಗಾವತಿ ಕಡೆ ಟ್ರೇಲರ್ ಬಿಚ್ಚಿ ನಿಲ್ಲಿಸುವುದಾದರೆ ಕಾಲುಗಳ ಅಡಿಗೆ ದಪ್ಪ ಹಲಗೆ ಕೊಡಿ; ಮಳೆಗೆ ನೆನೆದ ಎರೆಮಣ್ಣಿನಲ್ಲಿ ಲೋಡಾದ ಟ್ರೇಲರ್‌ನ ಕಾಲು ರಾತ್ರೋರಾತ್ರಿ ಇಳಿದು ಗಾಡಿ ವಾಲುತ್ತದೆ.

ಕೊನೆಯದಾಗಿ ನಿಮ್ಮ ಡ್ರೈವರ್ ವಿಷಯ. ಯಾರ್ಡಿನಲ್ಲಿ ಕ್ರೇನಿನವರು ಅವಸರದಲ್ಲಿ ಕಾಯಿಲ್ ಅನ್ನು ಕುಳಿ ಬಿಟ್ಟು ಬೇರೆಡೆ ಇಟ್ಟರೆ, ಅಥವಾ ಗೂಟ ಹಾಕಲು ಸಮಯ ಕೊಡದಿದ್ದರೆ, ಗೇಟ್ ದಾಟದೆ ಅಲ್ಲಿಂದಲೇ ನಿಮಗೆ ಕರೆ ಮಾಡಬೇಕೆಂದು ಅವರಿಗೆ ಹೇಳಿ. ಆ ದಿನದ ಬಾಡಿಗೆ ಹೋದರೂ ಅವರ ಬತ್ತೆ ಹಿಡಿಯುವುದಿಲ್ಲವೆಂದು ಮೊದಲೇ ಮಾತು ಕೊಟ್ಟಿರಿ.